ಶಾಲು ಬೇಡ, ಸಮಯ ಹೇಳಿ



ಎರಡು ತಿಂಗಳಿಂದ ಇಲ್ಲಿ ಏನನ್ನೂ ಬರೆದಿರಲಿಲ್ಲ. "ಸರ, ಆರಾಮ ಅದೀರಿಲ್ರಿ?" ಎಂದು ನಿಮ್ಮಲ್ಲಿ ಕೆಲವರು ಫೋನ್ ಮಾಡಿ ವಿಚಾರಿಸಿದಿರಿ. ಆರಾಮವಾಗಿದ್ದೇನೆ. ಬರೆಯದಿರಲು ಕಾರಣ ಅನಾರೋಗ್ಯವಲ್ಲ, ಅಭ್ಯಾಸ. ನವೆಂಬರ್ ಮೊದಲ ವಾರದಿಂದ ಬೆಳಗಿನ ಹೊತ್ತೆಲ್ಲ ಸೈಕಲ್ಲಿನ ಮೇಲೆ ಕಳೆಯುತ್ತಿದೆ. ಫೆಬ್ರುವರಿಯಲ್ಲಿ ಒಂದು ಸ್ಪರ್ಧೆಗೆ ಇಳಿಯಬೇಕೆಂದಿದ್ದೇನೆ. ನನಗೀಗ ಅರವತ್ತಾರು ವರ್ಷ.

ಈ ಮಾತಿಗೆ ಈ ದೀಪಾವಳಿಯಲ್ಲಿ ನಮ್ಮ ಮನೆಯಲ್ಲಿ ಒಂದು ಪಂಚಾಯಿತಿಯೇ ನಡೆಯಿತು. ಬೆಂಗಳೂರಿನಿಂದ ಬಂದಿದ್ದ ಹಿರಿಯ ಮಗ, "ಅಪ್ಪಾ, ವಾಕಿಂಗ್ ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಸೈಕಲ್ಲೂ ಹೊಡೀರಿ, ಕಾಲನಿಯೊಳಗ. ಆದ್ರ ಈ ರೇಸ್ ಯಾಕ?" ಎಂದ. ತಮ್ಮನ ಮಗ, "ಕಾಕಾ, ಆ ಸೈಕಲ್ ಯಾರಿಗರೆ ಮಾರಿಬಿಡ್ರಿ, ಒಳ್ಳೆ ರೊಕ್ಕ ಬರ್ತದ" ಎಂದು ಧ್ವನಿಗೂಡಿಸಿದ. ನನ್ನಾಕೆ ಮಾತ್ರ ಯಾರ ಪಕ್ಷವನ್ನೂ ವಹಿಸದೆ, "ಬಿದ್ರ ಎಬ್ಬಸಾಕಿ ನಾನs. ಅದನ್ನ ಎಲ್ಲಾರೂ ನೆನಪಿಟ್ಟು ಮಾತಾಡ್ರಿ" ಎಂದಳು. ಅಂದು ನಾನು ಉತ್ತರ ಕೊಡಲಿಲ್ಲ. ಹಬ್ಬದ ಊಟದ ಮುಂದೆ ವಾದ ಸಲ್ಲದು. ಆ ಉತ್ತರವನ್ನು ಇಂದು ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಅವರ ಭಯ ಸುಳ್ಳಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. 2024ರ ಡಿಸೆಂಬರ್‌ನಲ್ಲಿ ನಾನು ಬಿದ್ದೆ. ಬಬಲೇಶ್ವರದ ರಸ್ತೆ, ಬೆಳಗಿನ ಐದೂಮುಕ್ಕಾಲರ ಕತ್ತಲೆ. ಕಬ್ಬು ನುರಿಸುವ ಹಂಗಾಮಿನಲ್ಲಿ ನಮ್ಮ ಕಡೆಯ ರಸ್ತೆಗಳು ಹೇಗಿರುತ್ತವೆಂದು ಬಲ್ಲವರಿಗೆ ವಿವರಿಸಬೇಕಿಲ್ಲ. ಹೊರಲಾರದಷ್ಟು ಕಬ್ಬು ಹೇರಿಕೊಂಡ ಎರಡೆರಡು ಟ್ರಾಲಿ, ಹಿಂದೆ ದೀಪವಿಲ್ಲ, ದಾರಿಯುದ್ದಕ್ಕೂ ಉದುರಿದ ಜಲ್ಲೆಗಳು. ಅಂಥದೊಂದು ಜಲ್ಲೆಯ ಮೇಲೆ ನನ್ನ ಮುಂದಿನ ಗಾಲಿ ಹತ್ತಿ ಜಾರಿತು. ಎಡಗಡೆಯ ಕಾಲರ್‌ಬೋನ್ ಮುರಿಯಿತು. ಆರು ವಾರ ಕೈಯನ್ನು ಕೊರಳಿಗೆ ಜೋಲಿ ಕಟ್ಟಿಕೊಂಡು ಕುಳಿತೆ. ಸಂಕ್ರಾಂತಿಗೆ ಎಳ್ಳು ಬೀರಲು ಬಂದವರೆಲ್ಲ, "ಈ ವಯಸ್ಸಿನ್ಯಾಗ ಬೇಕಾಗಿತ್ತೇನ್ರಿ ಸರ?" ಎಂದೇ ಕೇಳಿದರು. ಅವರಲ್ಲೊಬ್ಬ, ಎಂಟನೆಯ ತರಗತಿಯ ಮಕ್ಕಳಿಗೆ ಸರಕಾರ ಉಚಿತ ಸೈಕಲ್ ಕೊಡಲಾರಂಭಿಸಿದ 2006-07ರ ಸಾಲಿನಲ್ಲಿ ನನ್ನ ಕೈಯಿಂದಲೇ ಸೈಕಲ್ ಪಡೆದ ಹುಡುಗ. ಈಗ ಕಾರಿನಲ್ಲಿ ಬಂದಿದ್ದ. ಬಾಗಿಲಿನಿಂದ ಐವತ್ತು ಹೆಜ್ಜೆ ದೂರ ಕಾರು ನಿಲ್ಲಿಸಬೇಕಾಯಿತೆಂದು ಏದುಸಿರು ಬಿಡುತ್ತಿದ್ದ. ಬೇಡವೆನ್ನುವ ಅಧಿಕಾರ ಇವನಿಗಿದೆಯೇ ಎಂದು ನಾನು ಮನಸ್ಸಿನಲ್ಲೇ ಕೇಳಿಕೊಂಡೆ.

ಆದರೆ ನನ್ನ ಜಗಳ ಭಯದೊಂದಿಗೆ ಅಲ್ಲ. "ಸೈಕಲ್ ಹೊಡೀರಿ, ಆದರೆ ಸ್ಪರ್ಧೆ ಯಾಕೆ?" ಎಂಬ ಆ ಸಿಹಿಯಾದ ಮಾತಿನೊಂದಿಗೆ ನನ್ನ ಜಗಳ. ಹಿರಿಯನಾದವನು ಆರೋಗ್ಯಕ್ಕಾಗಿ ಒಂದಿಷ್ಟು ಕೈಕಾಲು ಆಡಿಸಬಹುದು, ಆದರೆ ಒಂದು ಗುರಿಯಿಟ್ಟು, ಅಳತೆಯಿಟ್ಟು, ಇಂದಿಗಿಂತ ನಾಳೆ ಮೇಲಾಗಬೇಕೆಂದು ಹಟ ಹಿಡಿಯಬಾರದು. ಆ ಮಾತಿನ ಒಳಗಿರುವ ಅರ್ಥ ಇದು. ಇದನ್ನು ನಾನು ಒಪ್ಪುವುದಿಲ್ಲ.

ನೀವೆಲ್ಲ ನನ್ನಲ್ಲಿ ಗಣಿತ ಓದಿದವರು. ಎದೆಯ ಮೇಲೆ ಕೈಯಿಟ್ಟು ಹೇಳಿ: ಮಾರ್ಚ್ ತಿಂಗಳಲ್ಲಿ ಪರೀಕ್ಷೆ ಇಲ್ಲದಿದ್ದರೆ ಡಿಸೆಂಬರ್‌ನಲ್ಲಿ ಪುಸ್ತಕ ತೆರೆಯುತ್ತಿದ್ದಿರಾ? "ಪ್ರಮೇಯಗಳನ್ನು ಆನಂದಕ್ಕಾಗಿ ಓದಿ" ಎಂದು ನಾನು ಎಷ್ಟು ಸಲ ಹೇಳಿದ್ದೇನೆ! ಆನಂದಕ್ಕಾಗಿ ಓದಿದವರು ಮೂವತ್ತೆರಡು ವರ್ಷಗಳ ಸೇವೆಯಲ್ಲಿ ಬೆರಳೆಣಿಕೆಯಷ್ಟು. ಮುದುಕನೂ ಮನುಷ್ಯನೇ. ಧನುರ್ಮಾಸದ ಚಳಿಯಲ್ಲಿ ಕಂಬಳಿ ಸರಿಸಿ ಏಳಬೇಕಾದರೆ "ಆರೋಗ್ಯ" ಎಂಬ ಆಕಾರವಿಲ್ಲದ ಶಬ್ದ ಸಾಲದು. ಒಂದು ತಾರೀಖು ಬೇಕು, ಒಂದು ದೂರ ಬೇಕು, ಒಂದು ಗಡಿಯಾರ ಬೇಕು. ಸ್ಪರ್ಧೆ ಎಂದರೆ ನನಗೆ ಇನ್ನೊಬ್ಬನನ್ನು ಸೋಲಿಸುವುದಲ್ಲ. ಅದು ನನ್ನ ವಾರ್ಷಿಕ ಪರೀಕ್ಷೆ. ಚಳಿಗಾಲ ನನ್ನ ಪಠ್ಯಕ್ರಮ.

ಈಗ ಎರಡನೆಯ ಪಕ್ಷದವರ ವಿಷಯಕ್ಕೆ ಬರುತ್ತೇನೆ. ಇವರು ಸ್ಪರ್ಧೆ ಬೇಡ ಎನ್ನುವವರಲ್ಲ, ಸ್ಪರ್ಧೆ ನಡೆಸುವವರು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಕರ್ನಾಟಕದ ಸೈಕಲ್ ಸ್ಪರ್ಧೆಯ ತವರುಮನೆ. ರಾಷ್ಟ್ರೀಯ ಪದಕಗಳನ್ನು ತಂದ ಎಷ್ಟೋ ಮಕ್ಕಳು ಇಲ್ಲಿಯ ಹಳ್ಳಿಗಳಿಂದ ಬಂದವರು. ಕ್ರೀಡಾ ನಿಲಯದ ಹುಡುಗ ಹುಡುಗಿಯರು ಬೆಳಗಿನ ಹೊತ್ತು ಬೆನ್ನು ಬಾಗಿಸಿ, ಒಬ್ಬರ ಹಿಂದೊಬ್ಬರು ದಾರದಲ್ಲಿ ಪೋಣಿಸಿದಂತೆ ಸಾಗುವುದನ್ನು ನೋಡಿಯೇ ನಿವೃತ್ತಿಯ ನಂತರ ನನಗೂ ರೇಸಿಂಗ್ ಸೈಕಲ್ಲಿನ ಆಸೆ ಹುಟ್ಟಿದ್ದು. ಅದಕ್ಕೂ ಮೊದಲು ಹನ್ನೊಂದು ವರ್ಷ ದಿನಾಲು ಹದಿನಾಲ್ಕು ಕಿಲೋಮೀಟರ್ ದೂರದ ಶಾಲೆಗೆ ಇಪ್ಪತ್ತೆರಡು ಇಂಚಿನ ಕರಿಯ ಸೈಕಲ್ ತುಳಿದವನು ನಾನು. ಕ್ಯಾರಿಯರ್ ಮೇಲೆ ಉತ್ತರಪತ್ರಿಕೆಗಳ ಗಂಟು, ಹ್ಯಾಂಡಲ್ಲಿಗೆ ಬುತ್ತಿ. ಆಗ ಯಾರೂ ನನಗೆ ಸಮಯ ಹೇಳಬೇಕಿರಲಿಲ್ಲ. ಪ್ರಾರ್ಥನೆಯ ಗಂಟೆಯೇ ಹೇಳುತ್ತಿತ್ತು.

2024ರ ಫೆಬ್ರುವರಿಯಲ್ಲಿ, ಊರು ಹೆಸರು ಬೇಡ, ಒಂದು ಸ್ಪರ್ಧೆಗೆ ಹೋದೆ. ಇಪ್ಪತ್ತು ಕಿಲೋಮೀಟರ್. ಹಿರಿಯರ ವರ್ಗ ಒಂದೇ: "40 ವರ್ಷ ಮೇಲ್ಪಟ್ಟವರು". ನನಗೆ ಅರವತ್ತನಾಲ್ಕು, ಪಕ್ಕದಲ್ಲಿ ನಿಂತವನಿಗೆ ನಲವತ್ತೊಂದು. ಅವನು ನನ್ನ ಶಿಷ್ಯನಾಗಿರಬಹುದಾದ ವಯಸ್ಸಿನವನು. ಏಳನೆಯ ತರಗತಿಯ ಹುಡುಗನಿಗೂ ಪದವಿಯ ವಿದ್ಯಾರ್ಥಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು, ಒಂದೇ ಪಟ್ಟಿಯಲ್ಲಿ ಕ್ರಮಾಂಕ ಹಾಕುವ ಶಾಲೆಯನ್ನು ನೀವು ಒಪ್ಪುತ್ತೀರಾ? ಇರಲಿ ಎಂದು ತುಳಿದೆ. ಹದಿನಾಲ್ಕು ಜನರಲ್ಲಿ ಹನ್ನೊಂದನೆಯವನಾಗಿ ಮುಟ್ಟಿದೆ. ಮೇಜಿನ ಬಳಿ ಹೋಗಿ, "ನನ್ನ ಸಮಯ ಎಷ್ಟಾತ್ರಿ?" ಎಂದು ಕೇಳಿದರೆ, ಮೊದಲ ಮೂವರು ಬಂದ ಕೂಡಲೇ ಗಡಿಯಾರ ನಿಲ್ಲಿಸಿದ್ದರು!

ಮಧ್ಯಾಹ್ನ ವೇದಿಕೆಗೆ ಕರೆದರು. "ಅತ್ಯಂತ ಹಿರಿಯ ಸ್ಪರ್ಧಾಳು" ಎಂದು ಘೋಷಿಸಿ ಶಾಲು ಹೊದಿಸಿದರು, ಮಾಲೆ ಹಾಕಿದರು, ಕೈಗೆ ತೆಂಗಿನಕಾಯಿ ಕೊಟ್ಟರು. ಇವರ ಉತ್ಸಾಹ ಯುವಕರಿಗೆ ಮಾದರಿ ಎಂದು ಒಬ್ಬರು ಹತ್ತು ನಿಮಿಷ ಮಾತನಾಡಿದರು. ಆ ಹತ್ತು ನಿಮಿಷದಲ್ಲಿ ನನ್ನ ಸಮಯ ಹೇಳಲು ಹತ್ತು ಸೆಕೆಂಡು ಇರಲಿಲ್ಲ. ನನ್ನ ಕೈಗಡಿಯಾರದ ಪ್ರಕಾರ 42 ನಿಮಿಷ 10 ಸೆಕೆಂಡು. ಅದು ನನ್ನ ಕೈಗಡಿಯಾರದ ಲೆಕ್ಕ ಮಾತ್ರ, ಯಾವ ದಾಖಲೆಯಲ್ಲೂ ಇಲ್ಲ. ಆ ದಿನ ನನಗೆ ಆದದ್ದು ಅವಮಾನವೆಂದು ಹೇಳಲಾರೆ, ಪ್ರೀತಿಯಿಂದಲೇ ಮಾಡಿದರು. ಆದರೆ ಅಂಕಪಟ್ಟಿ ಕೇಳಿದ ವಿದ್ಯಾರ್ಥಿಗೆ ಅಂಕ ಬರೆಯದೆ ಹೂವಿನ ಚಿತ್ರ ಬಿಡಿಸಿ ಕೊಟ್ಟಂತಾಯಿತು.

ಬಿ.ಇಡಿ. ಓದುವಾಗ ಥಾರ್ನ್‌ಡೈಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞನ ಕಲಿಕೆಯ ನಿಯಮಗಳನ್ನು ಬಾಯಿಪಾಠ ಮಾಡಿದ್ದೆವು: ಸಿದ್ಧತೆಯ ನಿಯಮ, ಅಭ್ಯಾಸದ ನಿಯಮ, ಪರಿಣಾಮದ ನಿಯಮ. ಅವನದೇ ಒಂದು ಪ್ರಯೋಗವಿದೆ. ಜನರ ಕಣ್ಣು ಮುಚ್ಚಿಸಿ, ನಿಗದಿತ ಉದ್ದದ ಗೆರೆಗಳನ್ನು ಎಳೆಯಲು ಹೇಳಿದ. ಗೆರೆ ಸರಿಯಾಯಿತೋ ತಪ್ಪಾಯಿತೋ ತಿಳಿಸದಿದ್ದಾಗ, ನೂರಾರು ಸಲ ಎಳೆದರೂ ಅವರ ಗೆರೆ ಸುಧಾರಿಸಲಿಲ್ಲ. ಫಲಿತಾಂಶ ತಿಳಿಯದ ಅಭ್ಯಾಸ ಬರಿಯ ಆವೃತ್ತಿ. ಹಿರಿಯ ಸವಾರನಿಗೆ ಶಾಲು ಹೊದಿಸಿ ಸಮಯ ಹೇಳದಿರುವುದೆಂದರೆ ಅವನ ಕಣ್ಣಿಗೆ ಬಟ್ಟೆ ಕಟ್ಟಿ ಗೆರೆ ಎಳೆಯಿಸುವುದೇ ಆಗಿದೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ ಹವ್ಯಾಸಿಗಳಿಗಾಗಿ ನಡೆಸುವ ಗ್ರಾನ್ ಫಾಂಡೊ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೂವತ್ತೈದು ದಾಟಿದವರಿಗೆ ಐದೈದು ವರ್ಷಕ್ಕೊಂದು ವರ್ಗವಿದೆ. 60ರಿಂದ 64ರವರು ಬೇರೆ, 65ರಿಂದ 69ರವರು ಬೇರೆ. ಇದು ಮುದುಕರ ಮೇಲಿನ ಕರುಣೆಯಲ್ಲ, ಸರಳ ಅಂಕಗಣಿತ. ನಮ್ಮಲ್ಲಿ ಆ ವರ್ಗಗಳನ್ನು ಮಾಡಲು ಹಣ ಬೇಕಿಲ್ಲ, ಒಂದು ಪೆನ್ಸಿಲ್ ಮತ್ತು ಒಂದು ಹಾಳೆ ಸಾಕು.

"ಅದೆಲ್ಲ ಸರಿ, ಈ ವಯಸ್ಸಿನಲ್ಲಿ ದೇಹ ಸುಧಾರಿಸುವುದುಂಟೇ?" ಎಂದು ಕೇಳುವವರಿಗೆ ರಾಬರ್ಟ್ ಮಾರ್ಷಾಂ ಅವರ ಕಥೆ ಹೇಳುತ್ತೇನೆ. ಫ್ರಾನ್ಸಿನಲ್ಲಿ 1911ರಲ್ಲಿ ಹುಟ್ಟಿದವರು. ಯೌವನದಲ್ಲಿ ಸೈಕಲ್ ಬಿಟ್ಟು, ಅರವತ್ತು ದಾಟಿದ ಮೇಲೆ ಮತ್ತೆ ಹತ್ತಿದರು. 2012ರಲ್ಲಿ, ನೂರು ವರ್ಷದವರಾಗಿ, ಒಂದು ಗಂಟೆಯಲ್ಲಿ 24.25 ಕಿಲೋಮೀಟರ್ ಕ್ರಮಿಸಿದರು. ಎರಡು ವರ್ಷ ಕಳೆದು, 2014ರಲ್ಲಿ, ಅದೇ ಒಂದು ಗಂಟೆಯಲ್ಲಿ 26.927 ಕಿಲೋಮೀಟರ್! ನೂರೆರಡನೆಯ ವಯಸ್ಸಿನಲ್ಲಿ ನೂರನೆಯ ವಯಸ್ಸಿಗಿಂತ ವೇಗ. ಆ ನಡುವೆ ನಡೆದದ್ದು ಪವಾಡವಲ್ಲ, ತರಬೇತಿ. ವರ್ಷಕ್ಕೆ ಸುಮಾರು 5,000 ಕಿಲೋಮೀಟರ್, ಅದರಲ್ಲಿ ಶೇಕಡಾ 80 ಹಗುರ, ಶೇಕಡಾ 20 ಕಠಿಣ. ವೆರೋನಿಕ್ ಬಿಲ್ಲಾ ಎಂಬ ಶರೀರಕ್ರಿಯಾ ವಿಜ್ಞಾನಿ ಮತ್ತು ಸಂಗಡಿಗರು ಅಳತೆ ಮಾಡಿದರು. ಅವರ ದೇಹ ಗರಿಷ್ಠವಾಗಿ ಬಳಸಬಲ್ಲ ಆಮ್ಲಜನಕದ ಪ್ರಮಾಣ, ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ 31 ಮಿಲಿಲೀಟರ್ ಇದ್ದದ್ದು 35ಕ್ಕೆ ಏರಿತ್ತು. 2017ರಲ್ಲಿ ನೂರೈದರ ವಯಸ್ಸಿನಲ್ಲಿ ಮತ್ತೆ ಗಂಟೆಗೆ 22.547 ಕಿಲೋಮೀಟರ್ ತುಳಿದರು. 2021ರಲ್ಲಿ, 109ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಗಡಿಯಾರವನ್ನು ಯಾರೂ ನಡುವೆ ನಿಲ್ಲಿಸಲಿಲ್ಲ. ಹಾಗಾಗಿಯೇ ಈ ಅಂಕಿಗಳು ನನಗೂ ನಿಮಗೂ ತಿಳಿದಿವೆ.

ಒಬ್ಬರ ಉದಾಹರಣೆ ಸಾಲದು ಎನ್ನುತ್ತೀರಿ, ಸರಿ. ಇಂಗ್ಲೆಂಡಿನ ಲಂಡನ್ ಕಿಂಗ್ಸ್ ಕಾಲೇಜು ಮತ್ತು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 55ರಿಂದ 79 ವಯಸ್ಸಿನ 125 ಹವ್ಯಾಸಿ ಸೈಕಲ್ ಸವಾರರನ್ನು ಪರೀಕ್ಷಿಸಿ 2018ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ 41 ಮಂದಿ ಹೆಣ್ಣುಮಕ್ಕಳು. ಗಂಡಸರು 100 ಕಿಲೋಮೀಟರನ್ನು ಆರೂವರೆ ಗಂಟೆಯೊಳಗೆ, ಹೆಣ್ಣುಮಕ್ಕಳು 60 ಕಿಲೋಮೀಟರನ್ನು ಐದೂವರೆ ಗಂಟೆಯೊಳಗೆ ಮುಗಿಸಬಲ್ಲವರು. ವಯಸ್ಸಾದಂತೆ ಕರಗಬೇಕಿದ್ದ ಅವರ ಸ್ನಾಯುಬಲ ಕರಗಿರಲಿಲ್ಲ. ರೋಗನಿರೋಧಕ ಟಿ-ಕೋಶಗಳನ್ನು ಸಿದ್ಧಪಡಿಸುವ ಥೈಮಸ್ ಗ್ರಂಥಿ ಯುವಕರಲ್ಲಿ ಇರುವಂತೆಯೇ ಕೆಲಸ ಮಾಡುತ್ತಿತ್ತು. ಗಣಿತದ ಮಾಸ್ತರನಾಗಿ ಒಂದು ಮಾತು ಸೇರಿಸಲೇಬೇಕು: ಸೈಕಲ್ ತುಳಿದುದರಿಂದ ಅವರು ಗಟ್ಟಿಯಾದರೋ, ಗಟ್ಟಿಯಾಗಿದ್ದುದರಿಂದ ತುಳಿಯುತ್ತ ಉಳಿದರೋ ಎಂಬುದನ್ನು ಈ ಒಂದೇ ಅಧ್ಯಯನದಿಂದ ಸಾಧಿಸಿ ತೋರಿಸಲಾಗದು. ಆದರೆ ಕುಳಿತುಕೊಂಡವರು ಗಟ್ಟಿಯಾದರೆಂದು ತೋರಿಸುವ ಅಧ್ಯಯನ ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಮೂರನೆಯ ಪಕ್ಷದವರು ನನ್ನ ಸಮವಯಸ್ಕರೇ. ಇವರ ಮೇಲೂ ನನಗೆ ಸಿಟ್ಟಿದೆ, ಯಾಕೆಂದರೆ 2024ರವರೆಗೆ ನಾನೂ ಇವರಲ್ಲೊಬ್ಬ. ಹೊಸ ಸೈಕಲ್ ಕೊಂಡ ಉಮೇದಿನಲ್ಲಿ ದಿನವೂ ಓಟ, ದಿನವೂ ಹುಡುಗರ ಬೆನ್ನಟ್ಟುವುದು, ಮೂರನೆಯ ವಾರಕ್ಕೆ ಮೊಣಕಾಲು ಹಿಡಿದು ಕೂಡುವುದು. ಇಂಥವರಿಂದಾಗಿಯೇ "ವಯಸ್ಸಾದವರಿಗೆ ಇದೆಲ್ಲ ಆಗದು" ಎಂಬ ಮಾತಿಗೆ ಬಲ ಬರುತ್ತದೆ. ಚಳಿಗಾಲದ ಅಭ್ಯಾಸವೆಂದರೆ ಮುಖ್ಯವಾಗಿ ನಿಧಾನವಾಗಿ ತುಳಿಯುವ ಧೈರ್ಯ. ನನ್ನ ಈಗಿನ ಕ್ರಮವನ್ನು ಹೇಳುತ್ತೇನೆ.

ವಾರಕ್ಕೆ ನಾಲ್ಕು ದಿನ ಸೈಕಲ್. ಮೂರು ದಿನ ತಿಕೋಟಾ ರಸ್ತೆಯಲ್ಲಿ ಹಗುರವಾಗಿ, ಹೋಗಿಬರುವುದು ಸುಮಾರು ನಲವತ್ತು ಕಿಲೋಮೀಟರ್. ಹಗುರವೋ ಅಲ್ಲವೋ ತಿಳಿಯಲು ಯಂತ್ರ ಬೇಕಿಲ್ಲ. ಹದಿಮೂರರ ಮಗ್ಗಿಯನ್ನು ಹೇಳುತ್ತ ಹೋಗುತ್ತೇನೆ. ಏದುಸಿರಿಲ್ಲದೆ "ಹದಿಮೂರು ಹತ್ತಲೆ ನೂರ ಮೂವತ್ತು" ಮುಟ್ಟಿದರೆ ವೇಗ ಸರಿ. ನಡುವೆ ಉಸಿರು ಕಡಿದರೆ ಅತಿಯಾಯಿತು. ನಾಲ್ಕನೆಯ ದಿನ ಕಠಿಣ: ನಾಲ್ಕು ನಿಮಿಷ ಮಗ್ಗಿ ಹೇಳಲಾಗದಷ್ಟು ಜೋರು, ಮೂರು ನಿಮಿಷ ಹಗುರ, ಹೀಗೆ ನಾಲ್ಕು ಸಲ. ಅದರ ಮರುದಿನ ಕಡ್ಡಾಯ ವಿಶ್ರಾಂತಿ. ತರುಣರಿಗೆ ಒಂದು ರಾತ್ರಿಯಲ್ಲಿ ಇಳಿಯುವ ದಣಿವು ನಮಗೆ ಎರಡು ದಿನ ಬೇಡುತ್ತದೆ.

ಇನ್ನೊಂದು ಸಂಗತಿ ಬಹಳ ಜನರಿಗೆ ತಿಳಿಯದು. ಸೈಕಲ್ ಹೃದಯಕ್ಕೆ ಒಳ್ಳೆಯದು, ಆದರೆ ಎಲುಬಿಗೆ ಸಾಲದು. ದೇಹದ ಭಾರವನ್ನು ಸೈಕಲ್ಲೇ ಹೊರುವುದರಿಂದ ಎಲುಬು ಗಟ್ಟಿಯಾಗಲು ಬೇಕಾದ ಒತ್ತಡ ಸಿಗುವುದಿಲ್ಲ. ಆದ್ದರಿಂದ ವಾರಕ್ಕೆ ಎರಡು ದಿನ ಬಸ್ಕಿ ಹೊಡೆಯುತ್ತೇನೆ. ಹೌದು, ಮನೆಪಾಠ ಮಾಡದೆ ಬಂದವರಿಗೆ ನಾನು ಇಪ್ಪತ್ತೈದು ಬಸ್ಕಿ ಹೊಡೆಸುತ್ತಿದ್ದೆನಲ್ಲ, ಅವೇ! ನಗುವವರು ನಗಲಿ. ನಿಮಗೆ ಶಿಕ್ಷೆಯೆಂದು ಕೊಟ್ಟದ್ದು ಔಷಧವೆಂದು ನನಗೀಗ ತಿಳಿಯಿತು. ಅಂದು ಅದನ್ನು ಅವಮಾನದ ಸಾಧನವನ್ನಾಗಿ ಮಾಡಿದ್ದು ನನ್ನ ತಪ್ಪು.

ಬಿದ್ದ ಮೇಲೆ ನಾನು ಏನನ್ನೂ ಬದಲಿಸಿಲ್ಲವೆಂದು ಮಗ ತಿಳಿದಿದ್ದಾನೆ. ಬದಲಿಸಿದ್ದೇನೆ. ಕತ್ತಲೆಯಲ್ಲಿ ಹೊರಡುವುದನ್ನು ಬಿಟ್ಟೆ. ಈ ದಿನಗಳಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದೇ ಏಳರ ಹೊತ್ತಿಗೆ, ನಾನು ಹೊರಡುವುದು ಏಳೂವರೆಗೆ. ಇನ್ನೂ ಬೇಗ ಹೋದರೆ ತಿಕೋಟಾದಿಂದ ಮರಳುವಾಗ ಎಳೆಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ. ನನಗಷ್ಟೇ ಅಲ್ಲ, ನನ್ನ ಹಿಂದೆ ಬರುವ ಲಾರಿಯವನಿಗೂ ನಾನು ಕಾಣುವುದಿಲ್ಲ. ಹಗಲಿನಲ್ಲೂ ಹಿಂದೆ ಮಿಣುಕುವ ಕೆಂಪು ದೀಪ, ತಲೆಗೆ ಹೆಲ್ಮೆಟ್. ಕಬ್ಬಿನ ಟ್ರಾಲಿಗಳ ದಾರಿ ಮಾರ್ಚ್‌ವರೆಗೆ ನನಗೆ ನಿಷಿದ್ಧ. ತೊಗರಿ ರಾಶಿಯನ್ನು ರಸ್ತೆಯ ಮೇಲೆ ಹರವಿದ್ದಲ್ಲಿ ಇಳಿದು ನಡೆಯುತ್ತೇನೆ. ಚಳಿಗೆ ರಕ್ತನಾಳಗಳು ಬಿಗಿದು ರಕ್ತದೊತ್ತಡ ಏರುವುದರಿಂದ ಹೊರಡುವ ಮುನ್ನ ಮನೆಯೊಳಗೇ ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳುತ್ತೇನೆ. ಬಾಯಾರದಿದ್ದರೂ ಕಾಲು ಗಂಟೆಗೊಮ್ಮೆ ನೀರು ಕುಡಿಯುತ್ತೇನೆ, ಯಾಕೆಂದರೆ ವಯಸ್ಸಾದಂತೆ ಬಾಯಾರಿಕೆಯ ಅರಿವೇ ಕಡಿಮೆಯಾಗುತ್ತದೆ. ಅಕ್ಟೋಬರ್‌ನಲ್ಲಿ ಇಸಿಜಿ, ಟ್ರೆಡ್‌ಮಿಲ್ ಪರೀಕ್ಷೆ ಎರಡನ್ನೂ ಮಾಡಿಸಿದ್ದೇನೆ. ಅರವತ್ತು ದಾಟಿದ ಯಾರೇ ಆಗಲಿ, ಇದನ್ನು ಮಾಡಿಸದೆ ಸ್ಪರ್ಧೆಯ ಮಾತೆತ್ತಬಾರದು. ಗುಂಪಿನಲ್ಲಿ ಒಟ್ಟಿಗೆ ಓಡುವ ಸ್ಪರ್ಧೆಯನ್ನೂ ಬಿಟ್ಟೆ. ಮುಂದಿನವನ ಗಾಲಿಗೂ ನನ್ನ ಗಾಲಿಗೂ ಒಂದು ಗೇಣು ಅಂತರವಿಟ್ಟು ಓಡಲು ಬೇಕಾದ ಚುರುಕು ನನ್ನಲ್ಲಿ ಈಗ ಇಲ್ಲ. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಟೈಮ್ ಟ್ರಯಲ್‌ನಲ್ಲಿ ಒಬ್ಬೊಬ್ಬರನ್ನೇ ಒಂದೊಂದು ನಿಮಿಷದ ಅಂತರದಲ್ಲಿ ಬಿಡುತ್ತಾರೆ. ಅಲ್ಲಿ ಸವಾರನೂ ಗಡಿಯಾರವೂ ಇಬ್ಬರೇ. ಹಿರಿಯರಿಗೆ ತಕ್ಕ ಸ್ಪರ್ಧೆ ಅದು.

ಇಷ್ಟೆಲ್ಲ ಮಾಡಿದರೂ ಅಪಾಯ ಶೂನ್ಯವಾಗದು, ನಾನು ಬಲ್ಲೆ. ಆದರೆ ಮನೆಯಲ್ಲಿ ಕೂಡುವುದರ ಅಪಾಯವನ್ನೂ ಯಾರಾದರೂ ಲೆಕ್ಕ ಹಾಕಬೇಕಲ್ಲ? ನನ್ನ ಜೊತೆ ನಿವೃತ್ತರಾದ ಶಿಕ್ಷಕರಲ್ಲಿ ಹಲವರು ಯಾವ ಸೈಕಲ್ಲಿನಿಂದಲೂ ಬೀಳಲಿಲ್ಲ. ಟಿ.ವಿ.ಯ ಮುಂದಿನ ಕುರ್ಚಿಯಿಂದ ಏಳಲಾರದಾದರು. ಕುರ್ಚಿಗೆ ಯಾರೂ "ಈ ವಯಸ್ಸಿನ್ಯಾಗ ಬೇಕೇನ್ರಿ?" ಎಂದು ಕೇಳುವುದಿಲ್ಲ. ಮಕ್ಕಳೇ, ನಿಮ್ಮ ಕಳವಳದಲ್ಲಿ ಪ್ರೀತಿಯಿದೆ. ಅದರ ಜೊತೆಗೆ, ಅಪ್ಪ ಒಂದೆಡೆ ಸುಮ್ಮನಿದ್ದರೆ ದೂರದ ಊರಿನಲ್ಲಿ ನಮಗೆ ನಿಶ್ಚಿಂತೆ ಎಂಬ ಸಣ್ಣ ಅನುಕೂಲವೂ ಇದೆ. ನಾನೂ ನನ್ನ ತಂದೆಯನ್ನು ಹಾಗೆಯೇ ಕೂರಿಸಿದವನು. ಹೊಲಕ್ಕೆ ಹೋಗಬೇಡವೆಂದು ಹೇಳಿ, ಕಟ್ಟೆಯ ಮೇಲೆ ಕೂರಿಸಿ, ಎರಡು ವರ್ಷದಲ್ಲಿ ಅವರು ಕೋಲು ಹಿಡಿದುದನ್ನು ಕಣ್ಣಾರೆ ಕಂಡವನು. ಆ ತಪ್ಪನ್ನು ನನ್ನ ಮೇಲೆ ನೀವು ಮಾಡಬಾರದೆಂದೇ ಇಷ್ಟು ಖಾರವಾಗಿ ಬರೆದೆ.

ಆದ್ದರಿಂದ ಸೈಕಲ್ ಮಾರುವುದಿಲ್ಲ. 2026ರ ಫೆಬ್ರುವರಿಯ ಎರಡನೆಯ ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ತಿಕೋಟಾ ರಸ್ತೆಯಲ್ಲಿ, ಹತ್ತು ಹೋಗಿ ಹತ್ತು ಬರುವ ಇಪ್ಪತ್ತು ಕಿಲೋಮೀಟರ್ ಟೈಮ್ ಟ್ರಯಲ್ ಇಟ್ಟುಕೊಂಡಿದ್ದೇವೆ. ಇಲ್ಲಿಯವರೆಗೆ ಹೆಸರು ಕೊಟ್ಟವರು ಏಳು ಮಂದಿ. ಐವತ್ತೈದು ದಾಟಿದವರಿಗೆ ಮಾತ್ರ, ಐದೈದು ವರ್ಷಕ್ಕೊಂದು ವರ್ಗ, ಹೆಣ್ಣುಮಕ್ಕಳಿಗೆ ಪ್ರತ್ಯೇಕ. ವೈದ್ಯರ ಚೀಟಿ ಕಡ್ಡಾಯ. ಪೊಲೀಸ್ ಠಾಣೆಗೆ ಅರ್ಜಿ ಕೊಟ್ಟಾಗಿದೆ. ಊರಲ್ಲಿರುವ ಶಿಷ್ಯರು ನಾಲ್ವರು ಬೇಕು: ಇಬ್ಬರು ಗಡಿಯಾರ ಹಿಡಿಯಲು, ಒಬ್ಬ ಬರೆದುಕೊಳ್ಳಲು, ಒಬ್ಬ ತಿರುವಿನಲ್ಲಿ ಬಾವುಟ ಹಿಡಿದು ನಿಲ್ಲಲು. ಕೊನೆಯವನು ಬಂದು ಮುಟ್ಟುವವರೆಗೆ ಗಡಿಯಾರ ನಿಲ್ಲಿಸಕೂಡದು. ಇದೊಂದೇ ಷರತ್ತು.

ಶಾಲು, ಮಾಲೆ ತರಬೇಡಿ. ಓಟ ಮುಗಿದ ಮೇಲೆ ನಮ್ಮ ಮನೆಯಲ್ಲಿ ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿ ಇರುತ್ತದೆ. ಹಿರಿಯ ಮಗನೂ ಅಂದು ಬರುತ್ತೇನೆಂದು ಮೊನ್ನೆ ಫೋನಿನಲ್ಲಿ ಹೇಳಿದ. ಗಡಿಯಾರ ಅವನ ಕೈಗೇ ಕೊಡಬೇಕೆಂದಿದ್ದೇನೆ.

ಇಂತು ನಿಮ್ಮ,
ಗಣಿತದ ಮಾಸ್ತರ